ಸೂಕ್ಷ್ಮದ ಹಿರಿಮೆ

ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆಯಲ್ಲಿ ಬಂಡೀಪುರದ ಅಂಚಿನ ರೈತರು ಕಾಡಾನೆ, ಕಾಡುಹಂದಿಗಳಿಂದ ಪೈರನ್ನು ಉಳಿಸಲು ಇರುಳೆಲ್ಲ ಕಾವಲಿರುತ್ತಾರೆ. ಅವರ ಕೈದೀಪ ನಡುರಾತ್ರಿಯಲ್ಲಿ ಆರಬಾರದು. ಅದಕ್ಕೆ ಮತ್ತೆ ಮತ್ತೆ ವಿದ್ಯುತ್ತು ತುಂಬಬಹುದಾದ, ಅಗ್ಗದ, ಬಾಳಿಕೆಯ ಬ್ಯಾಟರಿ ಬೇಕು.

1997ರಲ್ಲಿ ಗುಡ್‌ಇನಫ್ ಅವರ ತಂಡವು ಲಿಥಿಯಂ ಬ್ಯಾಟರಿಯ ಧನಾಗ್ರಕ್ಕೆ ಲಿಥಿಯಂ ಕಬ್ಬಿಣದ ಫಾಸ್ಫೇಟನ್ನು ಸೂಚಿಸಿತು. ಅದರಲ್ಲಿ ವಿದ್ಯುತ್ತು ಸುಲಭವಾಗಿ ಹರಿಯದು. ಮುಂದೆ ಅದರ ಕಣಗಳನ್ನು ನ್ಯಾನೋಮೀಟರುಗಳ ಅಳತೆಗೆ, ಎಂದರೆ ಮೀಟರಿನ ನೂರು ಕೋಟಿಯಲ್ಲೊಂದು ಪಾಲಿನ ಲೆಕ್ಕಕ್ಕೆ, ಕಿರಿದಾಗಿಸಿ ಇಂಗಾಲವನ್ನು ಲೇಪಿಸಿದರು. ಲಿಥಿಯಂ ಅಯಾನುಗಳ ಹಾದಿ ಮೊಟಕಾಯಿತು. ಆ ಕೊರತೆ ನೀಗಿತು.

ಇಂಥ ವಿದ್ಯೆಯ ಬೆಲೆಯನ್ನು ಕಾವಲುಗಾರನ ದೀಪದಲ್ಲಿಯೇ ಅಳೆಯಬೇಕು. ಆದರೆ ಸವೆದ ಬ್ಯಾಟರಿಯನ್ನು ಕಾಡಂಚಿನಲ್ಲಿ ಎಸೆದರೆ ಮಣ್ಣು ಕೆಡುತ್ತದೆ. ಬೆಂಕಿಯ ಭಯವೂ ಉಂಟು. ಅದನ್ನು ಹಿಂದಕ್ಕೆ ಪಡೆಯುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆ ಹೊಣೆಯು ಹಳ್ಳಿಯ ಅಂಗಡಿಯವರೆಗೂ ತಲುಪಿದಾಗಲೇ ಈ ಬೆಳಕು ನಿಷ್ಕಳಂಕವೆನಿಸುವುದು.