ಬಂಡೆಯ ಬಲಕ್ಕೆ ಒಂದೇ ಅಂಕಿ ಸಾಲದು

2023ರ ನವೆಂಬರ್ 12ರಂದು, ದೀಪಾವಳಿಯ ದಿನವೇ, ಉತ್ತರಾಖಂಡದ ಸಿಲ್ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಲುಕಿದರು. ಅದೇ 28ರಂದು ಎಲ್ಲರೂ ಜೀವಂತವಾಗಿ ಹೊರಬಂದಾಗ ದೇಶ ನಿಟ್ಟುಸಿರು ಬಿಟ್ಟಿತು. 2025ರ ಏಪ್ರಿಲ್‌ನಲ್ಲಿ ಸುರಂಗದ ಎರಡೂ ತುದಿಗಳು ಕೂಡಿದವು. ಆದರೆ ಬೆಟ್ಟದ ಬಲವನ್ನು ಅಳೆಯುವ ನಮ್ಮ ಕ್ರಮ ಎಷ್ಟು ಸಮರ್ಪಕ ಎಂಬ ಪ್ರಶ್ನೆ ಮಾತ್ರ ಹಾಗೆಯೇ ಉಳಿದಿದೆ.

ಅಲ್ಲಿನ ಮುಖ್ಯ ಶಿಲೆಗಳಲ್ಲಿ ಒಂದು ಫಿಲೈಟ್. ಹಾಳೆ ಹಾಳೆಯಾಗಿ ಸೀಳುವ ಕಲ್ಲು. ನಮ್ಮ ಶಹಾಬಾದ್ ಕಲ್ಲನ್ನು ಬಲ್ಲವರಿಗೆ ಈ ಗುಣ ಹೊಸತಲ್ಲ: ಪದರದ ಗುಂಟ ಉಳಿ ಇಟ್ಟರೆ ಸಲೀಸಾಗಿ ಬಿಡುತ್ತದೆ, ಅಡ್ಡಲಾಗಿ ಹೊಡೆದರೆ ಹಟ ಹಿಡಿಯುತ್ತದೆ. ಕುಸಿತಕ್ಕೆ ಇದೊಂದೇ ಕಾರಣವೆಂದು ಹೇಳಲಾಗದು. ಆದರೆ ದಿಕ್ಕಿಗೊಂದು ಬಲವಿರುವ ಇಂಥ ಶಿಲೆಗೆ ಪ್ರಯೋಗಾಲಯದ ವರದಿ ಒಂದೇ ಅಂಕಿ ಕೊಟ್ಟರೆ ಅದನ್ನು ನಂಬುವುದು ಹೇಗೆ?

ಬಂಡೆ ಒತ್ತಡವನ್ನು ತಾಳುತ್ತದೆ, ಎಳೆತವನ್ನು ತಾಳದು. ಅದರ ಕರ್ಷಣ ಬಲ ಒತ್ತಡ ತಾಳುವ ಬಲದ ಸುಮಾರು ಹತ್ತರಲ್ಲೊಂದು ಪಾಲು. ಸುರಂಗ ಕೊರೆದಾಗ, ತೆಗೆದ ಕಲ್ಲು ಹೊರುತ್ತಿದ್ದ ಭಾರ ಪೊಳ್ಳಿನ ಸುತ್ತ ಹರಿದು ಹಂಚಿಹೋಗುತ್ತದೆ. ಚಾವಣಿಯ ಪದರಗಳು ತೊಲೆಗಳಂತೆ ಬಾಗಿ ಅಡಿಭಾಗದಲ್ಲಿ ಎಳೆತಕ್ಕೆ ಸಿಕ್ಕಿ ಬಿರಿಯಬಹುದು.

ಕಲ್ಲನ್ನು ಎರಡೂ ಕಡೆ ಹಿಡಿದು ಎಳೆಯುವುದು ಕಷ್ಟ. ಆದ್ದರಿಂದ ಪ್ರಯೋಗಾಲಯಗಳು ನೆಚ್ಚಿಕೊಂಡಿರುವುದು 'ಬ್ರೆಜಿಲಿಯನ್ ಪರೀಕ್ಷೆ'ಯನ್ನು. ರಿಯೊ ನಗರದಲ್ಲಿ ರಸ್ತೆಗಾಗಿ ಹಳೆಯ ಚರ್ಚೊಂದನ್ನು ಕಾಂಕ್ರೀಟ್ ಉರುಳೆಗಳ ಮೇಲೆ ಸರಿಸುವ ಯೋಚನೆಯಿತ್ತು. ಒತ್ತಿದಾಗ ಉರುಳೆ ಸೀಳುವ ಬಗೆಯನ್ನು ಗಮನಿಸಿ ಇಂಜಿನಿಯರ್ ಫೆರ್ನಾಂಡೊ ಕಾರ್ನೈರೊ 1943ರಲ್ಲಿ ಈ ಕ್ರಮವನ್ನು ಮಂಡಿಸಿದರು. ಚರ್ಚ್ ಉಳಿಯಲಿಲ್ಲ, ಪರೀಕ್ಷೆ ಉಳಿಯಿತು! ಕಲ್ಲಿನ ಬಿಲ್ಲೆಯನ್ನು ಅಂಚಿನ ಮೇಲೆ ನಿಲ್ಲಿಸಿ ಮೇಲೆ ಕೆಳಗೆ ಒತ್ತಿದರೆ ನಡುವೆ ಎಳೆತ ಹುಟ್ಟಿ ಅದು ಲಂಬವಾಗಿ ಸೀಳುತ್ತದೆ. ಸೀಳಿದಾಗಿನ ಭಾರ, ಬಿಲ್ಲೆಯ ವ್ಯಾಸ ಮತ್ತು ದಪ್ಪ ತಿಳಿದರೆ ಲೆಕ್ಕ ಮುಗಿಯಿತು.

ತೊಡಕಿರುವುದು ಇಲ್ಲಿಯೇ. ಎಲ್ಲ ದಿಕ್ಕಿನಲ್ಲೂ ಕಲ್ಲಿನ ಗುಣ ಒಂದೇ ಎಂಬ ಊಹೆಯ ಮೇಲೆ ಆ ಸೂತ್ರ ನಿಂತಿದೆ. ಪದರ ಶಿಲೆಯ ಸ್ಥಿತಿಸ್ಥಾಪಕ ಗುಣವನ್ನು ಹೇಳಲು ಎರಡರ ಬದಲು ಐದು ಸ್ಥಿರಾಂಕಗಳು ಬೇಕು. ಪದರದ ಕೋನ ಬದಲಾದಂತೆ ಬಿಲ್ಲೆಯ ನಡುವಿನ ಎಳೆತವೂ ಬದಲಾಗುತ್ತದೆ. ಚೆನ್, ಪಾನ್ ಮತ್ತು ಅಮಾದೆಯ್ 1998ರಲ್ಲೇ ಇದರ ಲೆಕ್ಕ ತೋರಿಸಿದ್ದಾರೆ. ಪದರಗಳು ಭಾರದ ದಿಕ್ಕಿಗೇ ನಿಂತಿದ್ದರೆ ಬಿಲ್ಲೆ ಬೇಗ ಸೀಳುತ್ತದೆ, ಅಡ್ಡ ಮಲಗಿದ್ದರೆ ಹೆಚ್ಚು ತಾಳುತ್ತದೆ. ಓರೆಯಾಗಿದ್ದರೆ ಬಿರುಕು ನಡುವನ್ನು ಬಿಟ್ಟು ಪದರದ ಗುಂಟ ಜಾರಿಹೋಗಬಹುದು. ಆಗ ಬಂದ ಅಂಕಿ ಕರ್ಷಣ ಬಲವೇ ಅಲ್ಲ. ಇವೆಲ್ಲವನ್ನೂ ಕೂಡಿಸಿ ಸರಾಸರಿ ಕೊಡುವುದು, ಹೊಳೆಯ ಸರಾಸರಿ ಆಳ ನೋಡಿ ಸಂಸಾರವನ್ನು ನೀರಿಗಿಳಿಸಿದ ಲೆಕ್ಕಿಗನ ಕೆಲಸವಾದೀತು.

ಇದು ಹಿಮಾಲಯದ ಮಾತು, ನಮಗೇಕೆ ಎನ್ನುವಂತಿಲ್ಲ. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಯೋಜನೆ ರೂಪಿಸಿರುವ ಬೆಂಗಳೂರಿನ ತಳದಲ್ಲಿರುವುದು ನೈಸ್ ಶಿಲೆ. ಲಾಲ್‌ಬಾಗ್ ಬಂಡೆಯ ಮೇಲೆ ನಡೆದವರು ಅದರ ಬಿಳಿ, ಕಪ್ಪು ಪಟ್ಟಿಗಳನ್ನು ಕಂಡಿರುತ್ತಾರೆ. ಅದು ಫಿಲೈಟ್‌ಗಿಂತ ಬಹಳ ಗಟ್ಟಿ, ನಿಜ; ಆದರೂ ಪಟ್ಟಿಗೊಂದು ದಿಕ್ಕಿದೆ. ತಜ್ಞರ ಕೊರತೆಯೂ ನಮಗಿಲ್ಲ. ಬಂಡೆ ಸಿಡಿತಕ್ಕೆ ಹೆಸರಾಗಿದ್ದ ಕೋಲಾರ ಚಿನ್ನದ ಗಣಿಯಲ್ಲಿ 1988ರಲ್ಲಿ ಹುಟ್ಟಿದ ರಾಷ್ಟ್ರೀಯ ಶಿಲಾ ಯಂತ್ರವಿಜ್ಞಾನ ಸಂಸ್ಥೆ ಈಗ ಬೆಂಗಳೂರಿನಲ್ಲೇ ಇದೆ.

ಟೆಂಡರ್ ದಾಖಲೆಯಲ್ಲಿ ಕೇಳಬೇಕಾದದ್ದು ಇಷ್ಟೆ: ಪ್ರತಿ ಅಂಕಿಯ ಜೊತೆಗೆ ಪದರದ ಕೋನ, ಬಿರುಕು ಸಾಗಿದ ಹಾದಿಯ ಚಿತ್ರ. ಇನ್ನೊಂದು ಲೆಕ್ಕವೂ ಬೇಕು. ದುರ್ಬಲ ಪದರದ ಕಲ್ಲು ಬಿಲ್ಲೆ ಕೊಯ್ಯುವಾಗಲೇ ಮುರಿದು ಬೀಳುತ್ತದೆ, ಪರೀಕ್ಷೆಗೆ ಉಳಿಯುವುದು ಗಟ್ಟಿ ತುಂಡುಗಳು ಮಾತ್ರ. ಯಂತ್ರದವರೆಗೂ ತಲುಪದೆ ಕಸದ ಬುಟ್ಟಿ ಸೇರಿದ ತುಂಡುಗಳೆಷ್ಟು ಎಂಬುದನ್ನೂ ವರದಿಯಲ್ಲಿ ಬರೆಯಬೇಕು.