ಫೋಕಸ್ ಹೆಬ್ಬೆರಳಿಗೆ ಬಿಡೋಣ

ನಮ್ಮ ಕಾಲೇಜಿನಲ್ಲಿ ಯಾವುದೇ ಕಾರ್ಯಕ್ರಮ ನಡೆದರೂ ಮರುದಿನದಿಂದಲೇ ಫೋಟೊ ಕೇಳಲು ಶುರುವಾಗುತ್ತದೆ. ಬಹುಮಾನ ಪಡೆದವರು, ಭಾಷಣ ಮಾಡಿದವರು, ದಫ್ ತಂಡದವರು, ಕಬಡ್ಡಿ ಆಡಿದವರು ಎಲ್ಲರಿಗೂ ಬೇಕು. ಮನೆಯಲ್ಲಿ ಉಮ್ಮನಿಗೆ ತೋರಿಸಲು ಒಂದೇ ಒಂದು ಸ್ಪಷ್ಟವಾದ ಫೋಟೊ ಸಾಕು. ಆದರೆ ಎಷ್ಟೋ ಫೋಟೊಗಳಲ್ಲಿ ಹಿಂದಿನ ಬ್ಯಾನರಿನ ಅಕ್ಷರಗಳು ಚೆನ್ನಾಗಿ ಕಾಣುತ್ತವೆ, ಮುಂದೆ ನಿಂತವರ ಮುಖ ಮಸುಕಾಗಿರುತ್ತದೆ. ಕ್ಯಾಮೆರಾ ಹಳೆಯದಾಯಿತು, ಹೊಸದು ತರಿಸಬೇಕು ಎಂಬ ಮಾತು ಇದರಿಂದಲೇ ಹುಟ್ಟಿದೆ. ನನ್ನ ಅಭಿಪ್ರಾಯ ಬೇರೆ. ಹಣ ಖರ್ಚು ಮಾಡುವ ಮೊದಲು ಇರುವ ಕ್ಯಾಮೆರಾದಲ್ಲಿ ಒಂದು ಸೆಟ್ಟಿಂಗ್ ಬದಲಿಸಿ ನೋಡೋಣ. ಫೋಕಸ್ ಮಾಡುವ ಕೆಲಸವನ್ನು ಶಟರ್ ಬಟನ್‌ನಿಂದ ಬಿಡಿಸಿ, ಕ್ಯಾಮೆರಾದ ಹಿಂಬದಿಯಲ್ಲಿ ಹೆಬ್ಬೆರಳಿಗೆ ಸಿಗುವ ಬಟನ್‌ಗೆ ಒಪ್ಪಿಸೋಣ. ಇದಕ್ಕೆ ಬ್ಯಾಕ್ ಬಟನ್ ಫೋಕಸ್ ಎಂದು ಹೆಸರು.

ಸಾಮಾನ್ಯವಾಗಿ ಶಟರ್ ಬಟನ್ ಎರಡು ಕೆಲಸ ಮಾಡುತ್ತದೆ. ಅರ್ಧ ಒತ್ತಿದರೆ ಫೋಕಸ್, ಪೂರ್ತಿ ಒತ್ತಿದರೆ ಫೋಟೊ. ತೊಂದರೆ ಇರುವುದೂ ಇಲ್ಲಿಯೇ. ಬೆರಳೆತ್ತಿ ಮತ್ತೆ ಒತ್ತಿದಾಗಲೆಲ್ಲ ಕ್ಯಾಮೆರಾ ಹೊಸದಾಗಿ ಫೋಕಸ್ ಹುಡುಕುತ್ತದೆ. ವೇದಿಕೆಯಲ್ಲಿ ಒಬ್ಬ ವಿದ್ಯಾರ್ಥಿನಿ ಮಾತನಾಡುತ್ತಿದ್ದಾಳೆ ಎಂದುಕೊಳ್ಳಿ. ಮಧ್ಯದ ಬಿಂದುವನ್ನು ಅವಳ ಮುಖದ ಮೇಲಿಟ್ಟು ಫೋಕಸ್ ಮಾಡುತ್ತೀರಿ. ಪಕ್ಕದಲ್ಲಿ ಕುಳಿತ ಅತಿಥಿಗಳೂ ಬರಲಿ ಎಂದು ಕ್ಯಾಮೆರಾವನ್ನು ಸ್ವಲ್ಪ ತಿರುಗಿಸಿ ಕ್ಲಿಕ್ಕಿಸುತ್ತೀರಿ. ಮೊದಲ ಫೋಟೊ ಸರಿ ಬರುತ್ತದೆ. ಅವಳು ನಗುತ್ತಾಳೆ, ಇನ್ನೊಂದಕ್ಕೆ ಒತ್ತುತ್ತೀರಿ. ಈಗ ಮಧ್ಯದ ಬಿಂದು ಇರುವುದು ಹಿಂದಿನ ಬ್ಯಾನರಿನ ಮೇಲೆ. ಫೋಕಸ್ ಅಲ್ಲಿಗೆ ಹೋಗುತ್ತದೆ, ನಗು ಮಸುಕಾಗುತ್ತದೆ. ಕ್ಯಾಮೆರಾ ಕೆಟ್ಟಿಲ್ಲ, ಹೇಳಿದ್ದನ್ನೇ ಮಾಡಿದೆ. ಎಲ್ಲಿ ಫೋಕಸ್ ಮಾಡಬೇಕು, ಯಾವಾಗ ಕ್ಲಿಕ್ಕಿಸಬೇಕು ಎಂಬುದು ಎರಡು ಬೇರೆ ತೀರ್ಮಾನ. ಎರಡನ್ನೂ ಒಂದೇ ಬೆರಳಿನ ಮೇಲೆ ಹೇರಿದ್ದೇವೆ.

ಹಿಂಬದಿಯ ಬಟನ್ ಬಳಸಿದರೆ ತೋರುಬೆರಳಿಗೆ ಕ್ಲಿಕ್ಕಿಸುವ ಕೆಲಸ ಮಾತ್ರ ಉಳಿಯುತ್ತದೆ. ಚಲಿಸುವುದನ್ನು ಹಿಂಬಾಲಿಸುವ ಫೋಕಸ್ ವಿಧಾನವನ್ನು ಕ್ಯಾನನ್ ಎಐ ಸರ್ವೋ ಎನ್ನುತ್ತದೆ, ನಿಕಾನ್ ಎಎಫ್-ಸಿ ಎನ್ನುತ್ತದೆ. ಅದನ್ನು ಆರಿಸಿಕೊಂಡು ಹೆಬ್ಬೆರಳು ಒತ್ತಿ ಹಿಡಿದರೆ, ರೈಡಿಗೆ ಓಡುವ ಹುಡುಗನ ಹಿಂದೆಯೇ ಫೋಕಸ್ ಓಡುತ್ತದೆ. ಹೆಬ್ಬೆರಳೆತ್ತಿದರೆ ಫೋಕಸ್ ಇದ್ದಲ್ಲೇ ನಿಲ್ಲುತ್ತದೆ, ಎಷ್ಟು ಸಲ ಕ್ಲಿಕ್ಕಿಸಿದರೂ ಕದಲುವುದಿಲ್ಲ. ಮೈದಾನಕ್ಕೊಂದು, ವೇದಿಕೆಗೊಂದು ಎಂದು ಮೆನು ತೆರೆಯುತ್ತ ಕೂರಬೇಕಾಗಿಲ್ಲ.

ಇದೇನೂ ಹೊಸ ಗಿಮಿಕ್ ಅಲ್ಲ. ಆಟೊಫೋಕಸ್ ಇರುವ ಎಸ್‌ಎಲ್‌ಆರ್ ಕ್ಯಾಮೆರಾಗಳನ್ನು ಜನಪ್ರಿಯ ಮಾಡಿದ್ದು 1985ರಲ್ಲಿ ಬಂದ ಮಿನೋಲ್ಟಾ 7000. ಅದಾದ ನಾಲ್ಕೇ ವರ್ಷಕ್ಕೆ, 1989ರಲ್ಲಿ, ಕ್ಯಾನನ್ ತನ್ನ ಇಒಎಸ್ 630ರಲ್ಲಿ ಹಿಂಬದಿ ಬಟನ್‌ನಿಂದ ಫೋಕಸ್ ಮಾಡುವ ಸೌಲಭ್ಯ ಕೊಟ್ಟಿತು. ಇಂದಿಗೂ ಕ್ರೀಡೆ ಮತ್ತು ವನ್ಯಜೀವಿಗಳ ಫೋಟೊ ತೆಗೆಯುವ ಹಲವರು ಇದನ್ನೇ ಬಳಸುತ್ತಾರೆ.

ಸೆಟ್ಟಿಂಗ್ ಬದಲಿಸಲು ಎರಡು ನಿಮಿಷ ಸಾಕು. ನಮ್ಮಲ್ಲಿರುವುದು ಕ್ಯಾನನ್ 1500ಡಿ. ಮೇಲಿನ ಡಯಲನ್ನು ಪಿ, ಟಿವಿ, ಎವಿ, ಎಂ ಈ ನಾಲ್ಕರಲ್ಲಿ ಒಂದಕ್ಕೆ ತಿರುಗಿಸಿ. ಮೆನುವಿನಲ್ಲಿ ಕಸ್ಟಮ್ ಫಂಕ್ಷನ್ಸ್ ತೆರೆದು ‘ಶಟರ್/ಎಇ ಲಾಕ್ ಬಟನ್’ ಎಂಬಲ್ಲಿಗೆ ಹೋಗಿ. 0ಯಿಂದ 3ರವರೆಗೆ ನಾಲ್ಕು ಆಯ್ಕೆಗಳಿವೆ. 3ನ್ನು ಆರಿಸಿ ಸೆಟ್ ಒತ್ತಿ. ಇನ್ನು ಮುಂದೆ ಹಿಂಬದಿಯ ನಕ್ಷತ್ರ ಚಿಹ್ನೆಯ ಬಟನ್ ಫೋಕಸ್ ಮಾಡುತ್ತದೆ. ಬಳಿಕ ಎಐ ಸರ್ವೋ ಆರಿಸಿ. ಕ್ಯಾಮೆರಾದಲ್ಲಿರುವ 9 ಫೋಕಸ್ ಬಿಂದುಗಳಲ್ಲಿ ಮಧ್ಯದ್ದನ್ನು ಮಾತ್ರ ಇಟ್ಟುಕೊಳ್ಳಿ, ಇಲ್ಲದಿದ್ದರೆ ಅದು ಮುಖ ಬಿಟ್ಟು ಮುಂದಿನ ಮೈಕನ್ನೋ ಹೂಕುಂಡವನ್ನೋ ಹಿಡಿದೀತು. ಎಐ ಸರ್ವೋದಲ್ಲಿ ಫೋಕಸ್ ಆದಾಗ ಬೀಪ್ ಸದ್ದು ಬರುವುದಿಲ್ಲ, ಅದಕ್ಕೆ ಗಾಬರಿ ಬೇಡ. ಮನೆಯಲ್ಲಿ ನಿಕಾನ್ ಡಿ3500 ಇರುವವರು ಸೆಟಪ್ ಮೆನುವಿನ ‘ಬಟನ್ಸ್’ ವಿಭಾಗದಲ್ಲಿ ಎಇ-ಎಲ್/ಎಎಫ್-ಎಲ್ ಬಟನ್‌ಗೆ ‘ಎಎಫ್-ಆನ್’ ಕೊಟ್ಟರೆ ಆಯಿತು.

ಇದಕ್ಕೆ ಇರುವ ದೊಡ್ಡ ಆಕ್ಷೇಪ ನ್ಯಾಯವಾದದ್ದೇ. ಕಾಲೇಜಿನ ಕ್ಯಾಮೆರಾ ಒಬ್ಬರ ಸ್ವತ್ತಲ್ಲ. ಇಂದು ಮಾಧ್ಯಮ ತಂಡದ ಕೈಯಲ್ಲಿದ್ದರೆ ನಾಳೆ ಎನ್ನೆಸ್ಸೆಸ್ ಶಿಬಿರಕ್ಕೆ ಹೋಗುತ್ತದೆ, ನಾಡಿದ್ದು ಉಪನ್ಯಾಸಕರೊಬ್ಬರು ಎತ್ತಿಕೊಳ್ಳುತ್ತಾರೆ. ವಿಷಯ ಗೊತ್ತಿಲ್ಲದವರು ಎಂದಿನಂತೆ ಶಟರ್ ಅರ್ಧ ಒತ್ತುತ್ತಾರೆ, ಫೋಕಸ್ ಆಗುವುದಿಲ್ಲ, ಇಡೀ ಕಾರ್ಯಕ್ರಮದ ಫೋಟೊ ಹಾಳಾಗುತ್ತದೆ. ಇದಕ್ಕೆ ಉತ್ತರ ಡಯಲಿನಲ್ಲೇ ಇದೆ. ಕ್ಯಾನನ್‌ನ ಹಸಿರು ಆಟೊ ಗುರುತಿಗೆ ಈ ಬದಲಾವಣೆ ತಟ್ಟುವುದಿಲ್ಲ. ಅಲ್ಲಿ ಶಟರ್ ಬಟನ್ ಮೊದಲಿನಂತೆಯೇ ಫೋಕಸ್ ಮಾಡುತ್ತದೆ. ಕಲಿತವರು ಎವಿ ಅಥವಾ ಟಿವಿ ಬಳಸಲಿ, ಕ್ಯಾಮೆರಾ ಮರಳಿಸುವಾಗ ಡಯಲನ್ನು ಹಸಿರಿಗೆ ತಿರುಗಿಸಿಡಲಿ. ಇಷ್ಟು ಶಿಸ್ತು ಸಾಕು.

ಇನ್ನು ಕೆಲವರು, ಹೊಸ ಕ್ಯಾಮೆರಾಗಳು ಕಣ್ಣನ್ನೇ ಗುರುತಿಸಿ ಫೋಕಸ್ ಮಾಡುತ್ತವೆ, ಈ ಕಸರತ್ತು ಯಾಕೆ ಎನ್ನುತ್ತಾರೆ. ನಿಜ, ಆ ತಂತ್ರಜ್ಞಾನ ಚೆನ್ನಾಗಿದೆ. ಆದರೆ ವೇದಿಕೆಯ ಮೇಲೆ ಐದು ಮುಖಗಳಿದ್ದಾಗ ಇಂದು ಬಹುಮಾನ ಯಾರಿಗೆ ಎಂಬುದು ಕ್ಯಾಮೆರಾಕ್ಕೆ ಗೊತ್ತಿಲ್ಲ. ಅದು ಗೊತ್ತಿರುವುದು ಕ್ಯಾಮೆರಾ ಹಿಡಿದವರಿಗೆ ಮಾತ್ರ.

ಹಾಗೆಂದು ಈ ಬಟನ್ ಎಲ್ಲ ರೋಗಕ್ಕೂ ಮದ್ದಲ್ಲ. ಫೋಕಸ್ ತಪ್ಪಿ ಮಸುಕಾಗುವುದು ಬೇರೆ, ಚಲನೆಯಿಂದ ಮಸುಕಾಗುವುದು ಬೇರೆ. ಕಬಡ್ಡಿಗೆ ಶಟರ್ ವೇಗ 1/500 ಸೆಕೆಂಡಾದರೂ ಇರಬೇಕು. ದಫ್ ಬಡಿಯುವ ಕೈಗಳನ್ನು 1/30ರಲ್ಲಿ ತೆಗೆದರೆ ಯಾವ ಬಟನ್ ಒತ್ತಿಯೂ ಫಲವಿಲ್ಲ. ಹೆಬ್ಬೆರಳೆತ್ತಿ ಫೋಕಸ್ ನಿಲ್ಲಿಸಿದ ಮೇಲೆ ಎದುರಿನವರು ಸರಿದರೆ ಮತ್ತೆ ಒತ್ತಲೇಬೇಕು. 50 ಎಂಎಂ ಲೆನ್ಸನ್ನು ಎಫ್/1.8ಕ್ಕೆ ತೆರೆದು 3 ಮೀಟರ್ ದೂರದಿಂದ ತೆಗೆದರೆ ಸ್ಪಷ್ಟವಾಗಿ ಕಾಣುವ ಆಳ ಸುಮಾರು ಕಾಲು ಮೀಟರ್ ಅಷ್ಟೆ. ಒಂದು ಹೆಜ್ಜೆ ಮುಂದೆ ಬಂದರೂ ಮುಖ ಅದರಿಂದಾಚೆ ಹೋಗುತ್ತದೆ. ಮೊದಮೊದಲು ಹೆಬ್ಬೆರಳು ತಡವರಿಸುವುದೂ ಸಹಜ. ಸೈಕಲ್ ಕಲಿತಂತೆ ಇದು, ನಾಲ್ಕು ದಿನ ಬಿಡದೆ ಮಾಡಿದರೆ ಕೈಗೆ ಒಗ್ಗುತ್ತದೆ.

ಆದ್ದರಿಂದ ಮಾಧ್ಯಮ ತಂಡಕ್ಕೂ ಅದರ ಹೊಣೆ ಹೊತ್ತ ಉಪನ್ಯಾಸಕರಿಗೂ ನನ್ನ ವಿನಂತಿ ಇಷ್ಟು. ಕ್ರೀಡಾಕೂಟಕ್ಕೆ ಮೊದಲೇ ಕ್ಯಾಮೆರಾವನ್ನು ಹೀಗೆ ಹೊಂದಿಸಿ. ‘ಎವಿ, ಟಿವಿಯಲ್ಲಿ ಫೋಕಸ್‌ಗೆ ನಕ್ಷತ್ರದ ಬಟನ್. ಗೊತ್ತಿಲ್ಲದಿದ್ದರೆ ಹಸಿರಿಗೆ ತಿರುಗಿಸಿ’ ಎಂದು ಬರೆದ ಚೀಟಿಯೊಂದನ್ನು ಬ್ಯಾಗಿನೊಳಗೆ ಅಂಟಿಸಿ. ಆಸಕ್ತರನ್ನು ಒಂದು ದಿನ ಮಧ್ಯಾಹ್ನದ ವಿರಾಮದಲ್ಲಿ ಮೈದಾನಕ್ಕೆ ಕರೆದು, ಓಡುವವರ ಫೋಟೊ ಎರಡೂ ಬಗೆಯಲ್ಲಿ ತೆಗೆಸಿ, ಕಂಪ್ಯೂಟರ್ ಲ್ಯಾಬಿನಲ್ಲಿ ಅಕ್ಕಪಕ್ಕ ಇಟ್ಟು ತೋರಿಸಿ. ಆಮೇಲೂ ಹೊಸ ಕ್ಯಾಮೆರಾ ಬೇಕೆನಿಸಿದರೆ ಕೇಳೋಣ. ದ್ವಿತೀಯ ಪಿಯುಸಿಯವರು ಈ ಮೈದಾನದಲ್ಲಿ ಓಡುವುದು ಇದೇ ಕೊನೆಯ ವರ್ಷ. ಅವರ ಮುಖ ಸ್ಪಷ್ಟವಾಗಿ ಉಳಿಯಬೇಕು.