ಗೋಡೆಯ ಮೇಲಿನ ಗೆರೆ

ಮುಧೋಳದಲ್ಲಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮೊನ್ನೆ ಫೋನ್ ಮಾಡಿದಳು. ಗಂಡನಿಗೆ ಬೆಳಗಾವಿಯಲ್ಲಿ ಕೆಲಸ. ಊರಿನ ಮನೆ ಮಾರುವುದೆಂದು ತೀರ್ಮಾನವಾಗಿದೆ. "ಆಪಾ, ಮಗ ಫೋಟೋ ತೆಗೆದು ಇಂಟರ್‌ನೆಟ್‌ನ್ಯಾಗ ಹಾಕ್ತಾನಂತ. ಮನಿ ಚೆಂದ ಕಾಣಬೇಕ್ರಿ. ಒಂದ್ ಸಲ ಬಂದು ಹೋಗ್ರಿ" ಎಂದಳು.

ಹೋದೆ. ಈಗ ಮನೆ ಕೊಳ್ಳುವವರು ಮೊದಲು ನೋಡುವುದು ಮೊಬೈಲಿನಲ್ಲಿ. ನಾಲ್ಕು ಚಿತ್ರ ನೋಡಿ, ಬರಬೇಕೋ ಬೇಡವೋ ಎಂದು ನಿರ್ಧರಿಸುತ್ತಾರೆ. ಪಡಸಾಲೆಯ ಹಗ್ಗದ ಮೇಲಿನ ಬಟ್ಟೆ ತೆಗೆದೆವು, ಹಾಸಿಗೆಯ ರಾಶಿ ಒಳಗೊಯ್ದೆವು, ನೆಲ ತೊಳೆದೆವು, ಅಡುಗೆಕಟ್ಟೆಯ ಡಬ್ಬಿಗಳನ್ನೆಲ್ಲ ಇಳಿಸಿದೆವು. ನಮ್ಮ ಕಡೆಯ ಹಳೆಯ ಮನೆಗಳಿಗೆ ಕಿಟಕಿ ಚಿಕ್ಕವು. ಬೆಳಗಿನ ಬಿಸಿಲೇರಿದ ಮೇಲೆ ಬಾಗಿಲು, ಕಿಟಕಿ ತೆರೆದು, ಕೋಣೆಯ ಮೂಲೆಯಲ್ಲಿ ನಿಂತು, ಮೊಬೈಲನ್ನು ಅಡ್ಡ ಹಿಡಿದು ತೆಗೆದರೆ ಸಣ್ಣ ಕೋಣೆಯೂ ಪೂರ್ತಿ ಕಾಣುತ್ತದೆ.

ಹುಡುಗ ತೆಗೆದ ಮೊದಲ ಚಿತ್ರದಲ್ಲಿ, ಅಲಮಾರಿಯ ಕನ್ನಡಿಯೊಳಗೆ ಅವನ ಫೂಫಿ ತಲೆ ಬಾಚಿಕೊಳ್ಳುತ್ತಿದ್ದಳು! ಎಲ್ಲರೂ ನಕ್ಕೆವು. ಆದರೆ ಸಹೋದರಿಯರೇ, ಒಮ್ಮೆ ಹಾಕಿದ ಚಿತ್ರ ಯಾರ ಯಾರ ಕೈ ಸೇರುತ್ತದೋ ಹೇಳಲಾಗದು. ಕನ್ನಡಿಗೆ ಬಟ್ಟೆ ಹೊದಿಸಿ. ಮದುವೆಯ ಫೋಟೋ, ಮಕ್ಕಳ ಅಂಕಪಟ್ಟಿ, ರೇಷನ್ ಕಾರ್ಡ್ ಎಲ್ಲವನ್ನೂ ತೆಗೆದಿಡಿ.

ಕೊನೆಗೆ ಒಳಕೋಣೆಗೆ ಬಂದೆವು. ಅಲ್ಲಿ ಗೋಡೆಯ ಮೇಲೆ ಸೊಂಟದೆತ್ತರಕ್ಕೆ ಒಂದು ಕಂದು ಗೆರೆ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಉಕ್ಕಿ ಬಂದಾಗ ನೀರು ನಿಂತ ಗುರುತು. ಎರಡು ಸಲ ಬಣ್ಣ ಹೊಡೆಸಿದರೂ ಮತ್ತೆ ಎದ್ದಿದೆಯಂತೆ. "ಅಲಮಾರಿ ಇಲ್ಲಿಗೆ ಸರಿಸೋಣ" ಎಂದ ಹುಡುಗ. ನನ್ನ ವಿದ್ಯಾರ್ಥಿನಿಯ ಅತ್ತೆ, "ಹೌದಪ್ಪ, ಗೆರೆ ಕಂಡರೆ ರೇಟು ಬೀಳ್ತದ" ಎಂದರು. ಮಗಳ ನರ್ಸಿಂಗ್ ಫೀಸು ಈ ಮನೆಯ ದುಡ್ಡಿನ ಮೇಲೆ ನಿಂತಿದೆ. ಅವರಿಗೆ ಉಪದೇಶ ಹೇಳಲು ನನಗೆ ಬಾಯಿ ಬರಲಿಲ್ಲ.

ಆದರೂ ಸಹೀಹ್ ಮುಸ್ಲಿಮಿನ ಒಂದು ಘಟನೆಯನ್ನು ಹೇಳಿದೆ. ಪ್ರವಾದಿ(ಸ)ರು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗಲಿತು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದ. ಹಾಗಾದರೆ ಜನರಿಗೆ ಕಾಣುವಂತೆ ನೆನೆದದ್ದನ್ನು ಮೇಲೆಯೇ ಏಕೆ ಇಡಲಿಲ್ಲವೆಂದು ಅವರು ಕೇಳಿದರು. ಮಳೆ ಸುರಿದದ್ದು ವ್ಯಾಪಾರಿಯ ತಪ್ಪಲ್ಲ. ಹೊಳೆ ಬಂದದ್ದು ಇವಳ ತಪ್ಪೂ ಅಲ್ಲ.

ಗುಡಿಸಿ ಒರೆಸುವುದು ಬೇರೆ, ಮುಚ್ಚಿಡುವುದು ಬೇರೆ. ಚಿತ್ರದಲ್ಲಿ ಕಾಣದ ಸಂಗತಿಗಳು ನಮ್ಮ ಸೀಮೆಯಲ್ಲಿ ಬಹಳ. ರಬಕವಿ-ಬನಹಟ್ಟಿಯ ಮನೆಯ ಫೋಟೋದಲ್ಲಿ ಪಕ್ಕದ ಗೋಡೆಯಾಚೆಯ ವಿದ್ಯುತ್ ಮಗ್ಗದ ಸದ್ದು ಕೇಳಿಸದು. ಜಮಖಂಡಿ ತಾಲೂಕಿನ ಹೊಳೆದಂಡೆಯ ಮನೆ ಬೇಸಿಗೆಯ ಫೋಟೋದಲ್ಲಿ ತಂಪಾಗಿಯೇ ಕಾಣುತ್ತದೆ. ಕೃಷ್ಣೆ ತುಂಬಿದಾಗಿನ ಮಾತು ಬೇರೆ. ಬೀಳಗಿ ಕಡೆ ಇನ್ನೂ ದೊಡ್ಡ ಪ್ರಶ್ನೆಯಿದೆ. ಆಲಮಟ್ಟಿಯ ನೀರಿನ ಮಟ್ಟವನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸಲು ನ್ಯಾಯಮಂಡಳಿ 2010ರಲ್ಲಿ ಒಪ್ಪಿತ್ತು. ಮುಳುಗಡೆಯ ಪಟ್ಟಿಯಲ್ಲಿರುವ ಮನೆಗೆ ಹೊಸ ಬಣ್ಣ ಹೊಡೆದು ಫೋಟೋ ಹಾಕಿ, ಪಟ್ಟಿಯ ಮಾತೆತ್ತದಿದ್ದರೆ ಕೊಂಡವರ ಗತಿಯೇನು?

ವಿದ್ಯಾರ್ಥಿನಿ ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ ಮಗನಿಗೆ, "ಗೆರೀದೂ ಒಂದ್ ಫೋಟೋ ತಗಿ. ಕೆಳಗ ವರ್ಷಾನೂ ಬರಿ" ಎಂದಳು. ಅತ್ತೆ ಎದ್ದು ಹಿತ್ತಲಿಗೆ ಹೋದರು.

ವಾರದ ನಂತರ ಅವಳಿಂದ ಫೋನ್ ಬಂತು. ಲೋಕಾಪುರದಿಂದ ಒಂದು ಕುಟುಂಬ ಮನೆ ನೋಡಲು ಬಂದಿತ್ತಂತೆ. ಆ ಮನೆಯ ಹೆಂಗಸು ನೇರವಾಗಿ ಒಳಕೋಣೆಗೆ ಹೋಗಿ, ಗೆರೆಯ ಮೇಲೆ ಕೈಯಿಟ್ಟು, "ನೀರು ಎಷ್ಟು ದಿನ ನಿಂತಿತ್ರಿ?" ಎಂದು ಕೇಳಿದಳಂತೆ. ರೇಟಿನ ಮಾತು ಇನ್ನೂ ಮುಗಿದಿಲ್ಲ.